ರೆಸ್ಯೂಮೆ ಕಳಿಸಿದರೂ ಕರೆ ಬರುತ್ತಿರಲಿಲ್ಲ: ತೊಡಕು ಇದ್ದದ್ದು ಎರಡು ಕಾಲಂನಲ್ಲಿ

ನಾಲ್ಕು ತಿಂಗಳಲ್ಲಿ 60ಕ್ಕೂ ಹೆಚ್ಚು ಅರ್ಜಿ ಹಾಕಿದ್ದೆ, ಒಂದೂ ಸಂದರ್ಶನದ ಕರೆ ಇಲ್ಲ. ಕೆಲವು ಕಡೆಯಿಂದ ಹತ್ತೇ ನಿಮಿಷದಲ್ಲಿ ತಿರಸ್ಕಾರದ ಮೇಲ್. ಇನ್ನೊಂದು ಸುಳಿವನ್ನು ತಡವಾಗಿ ಗಮನಿಸಿದೆ: ರೆಸ್ಯೂಮೆ ಅಪ್‌ಲೋಡ್ ಮಾಡಿದಾಗ ಫಾರ್ಮ್ ತಾನೇ ತುಂಬಿಕೊಳ್ಳುತ್ತದಲ್ಲ, ಅಲ್ಲಿ ಹುದ್ದೆಯ ಜಾಗಕ್ಕೆ ಕಾಲೇಜಿನ ಹೆಸರು ಬಂದು ಕೂರುತ್ತಿತ್ತು.

ಟೆಂಪ್ಲೇಟ್ ಮೂರು ಸಲ ಬದಲಿಸಿದ್ದು, ಕವರ್ ಲೆಟರ್ ಉದ್ದ ಮಾಡಿದ್ದು, ಬೆಳಿಗ್ಗೆಯೇ ಅರ್ಜಿ ಹಾಕಿದ್ದು, ಯಾವುದೂ ಕೆಲಸ ಮಾಡಲಿಲ್ಲ. ಜಾಹೀರಾತಿನ ಪದಗಳನ್ನು ಬಿಳಿ ಅಕ್ಷರದಲ್ಲಿ ಅಡಗಿಸುವ ಉಪಾಯವನ್ನಂತೂ ಮಾಡಬೇಡಿ. ಕಂಪನಿಗಳು ರೆಸ್ಯೂಮೆ ಓದಲು ಬಳಸುವ ಸಾಫ್ಟ್‌ವೇರ್ ಬರೀ ಪಠ್ಯವನ್ನು ಹೊರತೆಗೆದಾಗ ಅದೆಲ್ಲ ಬಯಲಾಗುತ್ತದೆ.

ಆ ಸಾಫ್ಟ್‌ವೇರ್ ನಿಮ್ಮ ರೆಸ್ಯೂಮೆಯನ್ನು ಹೇಗೆ ಓದುತ್ತದೆ ಎಂಬ ಪರೀಕ್ಷೆ ಸುಲಭ. ಪಿಡಿಎಫ್ ತೆರೆದು ಕಂಟ್ರೋಲ್+ಎ, ಕಂಟ್ರೋಲ್+ಸಿ ಒತ್ತಿ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ನನ್ನದು ಎರಡು ಕಾಲಂನ ರೆಸ್ಯೂಮೆ; ಅದರಲ್ಲಿ ಎಡ ಕಾಲಂನ ಕೌಶಲಗಳು ಬಲ ಕಾಲಂನ ಅನುಭವದ ಸಾಲುಗಳೊಳಗೆ ಕಲಸಿಹೋಗಿದ್ದವು. ಫೋನ್ ನಂಬರ್ ಚಿತ್ರದ ಭಾಗವಾಗಿದ್ದರಿಂದ ಬರಲೇ ಇಲ್ಲ.

ಸರಿಪಡಿಸಿದ ಕ್ರಮ: ವರ್ಡ್‌ನಲ್ಲಿ ಖಾಲಿ ಫೈಲ್ ತೆರೆದು, ಲೇಔಟ್‌ನಲ್ಲಿ ಕಾಲಮ್ಸ್ ಅನ್ನು ‘ಒನ್’ಗೆ ಇಟ್ಟೆ. ಟೇಬಲ್, ಟೆಕ್ಸ್ಟ್ ಬಾಕ್ಸ್, ಐಕಾನ್ ಒಂದೂ ಇಲ್ಲ. ಹೆಸರು, ಫೋನ್, ಇಮೇಲ್ ಹೆಡರ್‌ನಲ್ಲಲ್ಲ, ಪುಟದ ಮೊದಲ ಸಾಲುಗಳಲ್ಲಿ. ಆಮೇಲೆ ಅನುಭವ, ಶಿಕ್ಷಣ, ಕೌಶಲ ಎಂಬ ಸಾದಾ ಶೀರ್ಷಿಕೆಗಳು. ‘ನನ್ನ ಪಯಣ’ದಂಥ ಶೀರ್ಷಿಕೆ ಯಂತ್ರಕ್ಕೆ ತಿಳಿಯದು. ಪ್ರತಿ ಕೆಲಸಕ್ಕೂ ಹುದ್ದೆ, ಸಂಸ್ಥೆ, ತಾರೀಖು ಇದೇ ಕ್ರಮ; ತಾರೀಖು ಎಲ್ಲೆಡೆ 06/2021 ರೂಪದಲ್ಲೇ. ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆರಿಸಿ ಮತ್ತೆ ನೋಟ್‌ಪ್ಯಾಡ್ ಪರೀಕ್ಷೆ. ನೋಡಲು ಸಪ್ಪೆ, ನಿಜ.

ಫಾರ್ಮ್‌ಗಳು ಸರಿಯಾಗಿ ತುಂಬತೊಡಗಿದವು. ಮುಂದಿನ 11 ಅರ್ಜಿಗಳಿಗೆ 3 ಕರೆ ಬಂದವು.