ಕಡಿದ ಫೈಬರ್ ಕೇಬಲ್‌ಗೆ ಗಟ್ಟಿ ಜಾಯಿಂಟ್ ಹೊಡೆಯುವುದು ಹೇಗೆ?

ರಸ್ತೆ ಪಕ್ಕ ಅಗೆಯುವ ಜೆಸಿಬಿ ಕೇಬಲ್ ಎಳೆದುಹಾಕಿತು ಅಂದರೆ ಸುತ್ತಲ ಊರುಗಳ ಬ್ಯಾಂಕು, ಪಂಚಾಯಿತಿ ಆಫೀಸು, ರೇಷನ್ ಅಂಗಡಿ ಎಲ್ಲಾ ಕಡೆ ಕೆಲಸ ನಿಲ್ಲುತ್ತದೆ. ಜನ ಸಾಲಿನಲ್ಲಿ ಕಾಯುತ್ತಿರುತ್ತಾರೆ, ಫೋನ್ ಮೇಲೆ ಫೋನ್ ಬರುತ್ತದೆ. ಆ ಗಡಿಬಿಡಿಯಲ್ಲಿ ಹೊಡೆದ ಜಾಯಿಂಟು ಮೊದಲ ಮಳೆಗೇ ಕೈಕೊಡುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಈ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರಿಗಾಗಿ ಈ ಬರಹ. ಎರಡು ಗಾಜಿನ ಎಳೆ ಕರಗಿಸಿ ಕೂಡಿಸುವ ಕೆಲಸವನ್ನು (ಇದಕ್ಕೇ ಸ್ಪ್ಲೈಸ್ ಅನ್ನುವುದು) ಮಷೀನ್ ಕೆಲವೇ ಸೆಕೆಂಡಿನಲ್ಲಿ ಮಾಡಿ ಮುಗಿಸುತ್ತದೆ. ಅದಕ್ಕೆ ಮುಂಚಿನ ಸ್ವಚ್ಛತೆ, ಆಮೇಲಿನ ಮುಚ್ಚಟೆ ನಿಮ್ಮ ಕೈಯಲ್ಲಿದೆ. ಜಾಯಿಂಟ್ ಬಾಳುವುದು ಅಲ್ಲೇ ತೀರ್ಮಾನ ಆಗುತ್ತದೆ.

ಮೊದಲು ಕೂರುವ ಜಾಗ

ಗುಂಡಿಯೊಳಗೆ ಕೂತು ಸ್ಪ್ಲೈಸ್ ಮಾಡಬೇಡಿ. ಕೇಬಲ್‌ನ ಎರಡೂ ತುದಿ ಮೇಲಕ್ಕೆ ಎಳೆದುಕೊಂಡು ಗಾಡಿಯೊಳಗೋ ತಾಡಪತ್ರಿ ಮರೆಯಲ್ಲೋ ಕೂತುಕೊಳ್ಳಿ. ಎಳೆಯುವಷ್ಟು ಉದ್ದ ಇಲ್ಲದಿದ್ದರೆ ನಡುವೆ ಹೊಸ ತುಂಡು ಹಾಕಿ ಎರಡು ಕಡೆ ಜಾಯಿಂಟ್ ಮಾಡಬೇಕು, ಬೇರೆ ದಾರಿ ಇಲ್ಲ. ಸಂಡೂರು ಕಡೆ ಅದಿರಿನ ಕೆಂಪು ಧೂಳು, ಸಿಂಧನೂರು–ಮಾನ್ವಿ ಕಡೆ ಎರೆ ಹೊಲದ ಪುಡಿ ಮಣ್ಣು. ಆಷಾಢದ ಗಾಳಿಗೆ ಎರಡೂ ನೇರ ಮಷೀನ್‌ನೊಳಗೆ ಬರುತ್ತವೆ. ಮಷೀನನ್ನು ಬಿಸಿಲಲ್ಲಿ ಬಾಗಿಲು ಹಾಕಿದ ಗಾಡಿಯೊಳಗೆ ಬಿಟ್ಟು ಹೋಗಬೇಡಿ. ಸಾಮಾನ್ಯವಾಗಿ ಈ ಮಷೀನ್‌ಗಳನ್ನು 50 ಡಿಗ್ರಿವರೆಗಿನ ಶಾಖಕ್ಕಷ್ಟೇ ಮಾಡಿರುತ್ತಾರೆ. ಮೇ ತಿಂಗಳಲ್ಲಿ ಗಾಡಿಯೊಳಗೆ ಅದಕ್ಕಿಂತ ಜಾಸ್ತಿ ಕಾಯುತ್ತದೆ. ದಿನದ ಕೆಲಸ ಶುರು ಮಾಡುವ ಮುಂಚೆ ಒಂದು ಸಲ ಆರ್ಕ್ ಕ್ಯಾಲಿಬ್ರೇಶನ್, ಅಂದರೆ ಎಳೆ ಕರಗಿಸುವ ವಿದ್ಯುತ್ ಕಿಡಿಯ ಹೊಂದಾಣಿಕೆ, ಮಾಡಿಕೊಳ್ಳಿ. ಹವೆ ಬದಲಾದಂತೆ ಆರ್ಕ್‌ನ ಬಿಸಿಯೂ ಬದಲಾಗುತ್ತದೆ.

ಕೇಬಲ್ ಬಿಚ್ಚುವುದು

ಜೆಸಿಬಿ ಎಳೆದ ಕೇಬಲ್ ಕಡಿದ ಜಾಗದಲ್ಲಷ್ಟೇ ಕೆಟ್ಟಿರುವುದಿಲ್ಲ. ಒಳಗಿನ ಎಳೆಗಳು ಆಚೀಚೆ ಕೆಲವು ಮೀಟರ್‌ವರೆಗೂ ಜಗ್ಗಿ ನೊಂದಿರಬಹುದು. ನೀರು ಇಳಿದಿರುವಷ್ಟು, ಹೊರಕವಚ ಸೊಟ್ಟಗಾಗಿರುವಷ್ಟು ಭಾಗವನ್ನು ಯೋಚಿಸದೆ ಕತ್ತರಿಸಿ ಬಿಸಾಕಿ. ಜಿಪುಣತನ ಬೇಡ.

ಆಮೇಲೆ ಕ್ಲೋಶರ್‌ನ (ಜಾಯಿಂಟ್ ಇಟ್ಟು ಮುಚ್ಚುವ ಡಬ್ಬಿ) ಅಳತೆಗೆ ತಕ್ಕಂತೆ ಹೊರಗಿನ ಕಪ್ಪು ಕವಚ ಸೀಳಿ ತೆಗೆಯಿರಿ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್ ಬೇಕಾಗುತ್ತದೆ. ಒಳಗಿರುವ ದಾರ ಹಿಡಿದು ಎಳೆದರೆ ಕವಚ ನೀಟಾಗಿ ಸೀಳುತ್ತದೆ, ಚಾಕು ಆಳಕ್ಕೆ ಇಳಿಸಬೇಕಿಲ್ಲ. ನಡುವಿನ ಗಟ್ಟಿ ಕಡ್ಡಿಯನ್ನು ಬುಡಕ್ಕೇ ಕತ್ತರಿಸಬೇಡಿ. ಅದನ್ನು ಕ್ಲೋಶರ್‌ನ ಸ್ಕ್ರೂಗೆ ಬಿಗಿಯಬೇಕು. ಕೇಬಲ್ ಜಗ್ಗಿದಾಗ ಭಾರ ಹೊರುವುದು ಆ ಕಡ್ಡಿ. ಎಳೆಗಳ ಗುಂಪನ್ನು ಹಿಡಿದಿರುವ ಟ್ಯೂಬಿನ ಜೆಲ್ಲಿ ಒರೆಸಲು ಪೆಟ್ರೋಲ್ ಬಳಸಬೇಡಿ. ಪಕ್ಕದಲ್ಲೇ ಕಿಡಿ ಹೊಡೆಯುವ ಮಷೀನ್ ಇದೆ, ಅಲ್ವಾ? ಜೆಲ್ಲಿ ತೆಗೆಯಲೆಂದೇ ಸಿಗುವ ದ್ರಾವಣ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು.

ಬಣ್ಣದ ಕ್ರಮ ಬಾಯಿಪಾಠ ಆಗಿರಲಿ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿ ನೀಲಿ. ಟ್ಯೂಬಿಗೂ ಇದೇ ಕ್ರಮ, ಎಳೆಗೂ ಇದೇ ಕ್ರಮ. 24 ಎಳೆಯ ಕೇಬಲ್‌ನಲ್ಲಿ ಟ್ಯೂಬಿಗೆ 6ರಂತೆ ಇದ್ದರೆ 15ನೇ ಎಳೆ ಅಂದರೆ ಹಸಿರು ಟ್ಯೂಬಿನ ಹಸಿರು ಎಳೆ. ಕೆಲವು ಹಳೆಯ ಕೇಬಲ್‌ಗಳಲ್ಲಿ ಕ್ರಮ ಬೇರೆ ಇರುತ್ತದೆ, ಹಾಗಾಗಿ ಲೈನಿನ ಕಾಗದ ನೋಡಿಕೊಂಡೇ ಕೈ ಹಾಕಿ.

ಒರೆಸು, ಕತ್ತರಿಸು, ಕೂಡಿಸು

ಎಳೆಗೆ ಮೊದಲು ಸ್ಲೀವ್ (ಜಾಯಿಂಟ್ ಕಾಪಾಡುವ, ಬಿಸಿಗೆ ಕುಗ್ಗುವ ಸಣ್ಣ ಕೊಳವೆ) ಪೋಣಿಸಿ. ಮರೆತರೆ ಆದ ಜಾಯಿಂಟ್ ಕತ್ತರಿಸಿ ಮತ್ತೆ ಶುರು ಮಾಡಬೇಕಾಗುತ್ತದೆ. ಸ್ಟ್ರಿಪ್ಪರ್‌ನಿಂದ ಮೂರು–ನಾಲ್ಕು ಸೆಂಟಿಮೀಟರ್ ಕೋಟಿಂಗ್ ತೆಗೆಯಿರಿ. ಈಗ ಕೈಯಲ್ಲಿರುವುದು 125 ಮೈಕ್ರಾನ್ ದಪ್ಪದ ಬರಿ ಗಾಜು. ಬೆಳಕು ಹರಿಯುವುದು ಅದರ ನಡುವಿನ ಸುಮಾರು 9 ಮೈಕ್ರಾನ್‌ನಲ್ಲಿ ಮಾತ್ರ. ಒಂದು ಧೂಳಿನ ಕಣ ಆ ದಾರಿಯನ್ನೇ ಮುಚ್ಚಬಹುದು. ನೂಲು ಬಿಡದ ಒರೆಸುವ ಕಾಗದಕ್ಕೆ ಆಲ್ಕೋಹಾಲ್ ಹಾಕಿ ಬುಡದಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಒರೆಸಿ. ಗಾಜು ಸ್ವಚ್ಛವಾದಾಗ ಕಾಗದದ ನಡುವೆ ‘ಕೀಂಚ್’ ಅಂತ ಸಣ್ಣ ಸದ್ದು ಬರುತ್ತದೆ. ಆ ಸದ್ದಿಗೆ ಕಿವಿ ಕೊಡಿ.

ಆಮೇಲೆ ಕ್ಲೀವರ್. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಈ ಹಂತದ ಮೇಲೆ. ಕ್ಲೀವರ್ ಗಾಜನ್ನು ಕೊಯ್ಯುವುದಿಲ್ಲ, ಸಣ್ಣದೊಂದು ಗೀರು ಹಾಕಿ ಮುರಿಯುತ್ತದೆ. ಮುರಿದ ಮುಖ ನೇರವಾಗಿರಬೇಕು, ಓರೆ ಒಂದು ಡಿಗ್ರಿ ಒಳಗಿರಬೇಕು. ಬ್ಲೇಡ್ ಸವೆದಿದ್ದರೆ ತುದಿ ಚಕ್ಕೆ ಏಳುತ್ತದೆ. ಬ್ಲೇಡನ್ನು ಮುಂದಿನ ಅಂಕಿಗೆ ತಿರುಗಿಸಲು ಒಂದೇ ನಿಮಿಷ ಸಾಕು, ಆದರೂ ಬಹಳ ಜನ ಮಾಡುವುದಿಲ್ಲ. ಕತ್ತರಿಸಿದ ಮೇಲೆ ತುದಿಯನ್ನು ಮತ್ತೆ ಒರೆಸಬೇಡಿ, ಯಾವುದಕ್ಕೂ ತಾಗಿಸಬೇಡಿ. ಬಿದ್ದ ಗಾಜಿನ ಚೂರುಗಳು ಮುಚ್ಚಳ ಇರುವ ಡಬ್ಬಿಗೆ ಹೋಗಲಿ. ಹೊಲದ ಬದುವಿನಲ್ಲಿ ಬರಿಗಾಲಲ್ಲಿ ಓಡಾಡುವವರಿದ್ದಾರೆ.

ಎಳೆಗಳನ್ನು ಮಷೀನಿನ ವಿ ಆಕಾರದ ತೋಡಿನಲ್ಲಿ ಮೇಲಿನಿಂದ ಇಡಿ, ಮುಂದಕ್ಕೆ ತಳ್ಳಬೇಡಿ. ಪರದೆಯಲ್ಲಿ ಎರಡೂ ತುದಿ ದೊಡ್ಡದಾಗಿ ಕಾಣುತ್ತವೆ. ಚಕ್ಕೆ, ಓರೆ, ಚುಕ್ಕೆ ಏನೇ ಕಂಡರೂ ಆರ್ಕ್ ಹೊಡೆಯದೆ ವಾಪಸ್ ತೆಗೆಯಿರಿ. ಲಾಸ್, ಅಂದರೆ ಜಾಯಿಂಟ್‌ನಲ್ಲಿ ನಷ್ಟವಾಗುವ ಬೆಳಕು, 0.05 ಡಿಬಿ ಒಳಗೆ ಬಂದರೆ ಒಳ್ಳೆಯದು, 0.1 ದಾಟಿದರೆ ಮತ್ತೆ ಮಾಡಿ. ಸ್ಲೀವ್ ನಡುವಿಗೆ ಬರುವಂತೆ ಎಳೆದು ಹೀಟರ್‌ಗೆ ಹಾಕಿ. ಗುಳ್ಳೆ ಇರಬಾರದು, ಎರಡೂ ಕಡೆ ಕೋಟಿಂಗ್ ಮೇಲೂ ಸ್ಲೀವ್ ಕೂತಿರಬೇಕು. ತಣ್ಣಗಾದ ಮೇಲೆ ಕ್ಲೋಶರ್‌ನ ಟ್ರೇಗೆ ಇಳಿಸಿ. ಟ್ರೇಯಲ್ಲಿ ಸುತ್ತುವಾಗ ಸುತ್ತಿನ ತ್ರಿಜ್ಯ 30 ಮಿಲಿಮೀಟರ್‌ಗಿಂತ ಕಮ್ಮಿ ಆಗದಿರಲಿ.

ಕ್ಲೋಶರ್ ಮುಚ್ಚುವುದು

ಎರೆ ನೆಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಹೂತ ಕೇಬಲ್ಲನ್ನು ಅದು ವರ್ಷಪೂರ್ತಿ ಜಗ್ಗುತ್ತಲೇ ಇರುತ್ತದೆ. ಅದಕ್ಕೇ ಕ್ಲೋಶರ್‌ನ ಎರಡೂ ಬದಿ ಸಡಿಲವಾಗಿ ಸುತ್ತಿದ ಕೇಬಲ್ ಬಿಡಿ, ಜಾಯಿಂಟನ್ನು ಬರಿ ಮಣ್ಣಿನಲ್ಲಿ ಹೂಳದೆ ಚೇಂಬರಿನೊಳಗೆ ಇಡಿ. ಗ್ಯಾಸ್ಕೆಟ್ ಮೇಲೆ ಒಂದು ಮರಳಿನ ಕಾಳು ಉಳಿದರೂ ನೀರಿಗೆ ದಾರಿ ಆಗುತ್ತದೆ. ಕೇಬಲ್ ಬಾರದ ತೂತುಗಳಿಗೂ ಬಿರಡೆ ಹಾಕಿ. ಗದ್ದೆ ಸೀಮೆಯಲ್ಲಿ ಹೆಗ್ಗಣದ ಕಾಟ ಇದ್ದೇ ಇದೆ. ಅಲ್ಲಿ ಸ್ಟೀಲ್ ಪಟ್ಟಿ ಇರುವ ಕೇಬಲ್ಲೇ ಬೇಕು. ಆ ಪಟ್ಟಿಗೆ ಅರ್ತಿಂಗ್ ಕೊಡುವುದನ್ನು ಬಿಡಬೇಡಿ.

ತುದಿಗೆ ಕನೆಕ್ಟರ್

ಆಫೀಸಿನ ಕಡೆ ಕಾರ್ಖಾನೆಯಲ್ಲೇ ತಯಾರಾದ ಪಿಗ್‌ಟೇಲ್ (ಒಂದು ತುದಿಗೆ ಕನೆಕ್ಟರ್ ಇರುವ ತುಂಡು ಎಳೆ) ಅನ್ನು ಕೇಬಲ್‌ಗೆ ಸ್ಪ್ಲೈಸ್ ಮಾಡುವುದೇ ಒಳ್ಳೆಯದು. ಮನೆಗಳಿಗೆ ಸ್ಥಳದಲ್ಲೇ ಕೈಯಿಂದ ಹೊಡೆಯುವ ಫಾಸ್ಟ್ ಕನೆಕ್ಟರ್ ಬೇಗ ಆಗುತ್ತದೆ, ಆದರೆ ಲಾಸ್ ಜಾಸ್ತಿ. ಹಸಿರು ಕನೆಕ್ಟರ್‌ನ ಮುಖ 8 ಡಿಗ್ರಿ ಓರೆ, ನೀಲಿಯದು ಹಾಗಿಲ್ಲ. ಎರಡನ್ನೂ ಒಂದಕ್ಕೊಂದು ಚುಚ್ಚಬೇಡಿ. ಚುಚ್ಚುವ ಮುಂಚೆ ಪ್ರತಿ ಸಲ ಮುಖ ಒರೆಸಿ. ಕನೆಕ್ಟರನ್ನು ಕಣ್ಣಿನ ಎದುರು ಹಿಡಿದು ಇಣುಕಲೇಬೇಡಿ. ಒಳಗಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೂ ಹಾನಿ ಮಾಡುತ್ತದೆ.

ಪರೀಕ್ಷೆ

ಮಷೀನ್ ತೋರಿಸುವ ಲಾಸ್ ಬರಿ ಅಂದಾಜು. ಒಟಿಡಿಆರ್‌ನಲ್ಲಿ (ಎಳೆಯೊಳಗೆ ಬೆಳಕು ಬಿಟ್ಟು ಎಲ್ಲಿ ಎಷ್ಟು ಲಾಸ್ ಅಂತ ತೋರಿಸುವ ಯಂತ್ರ) ಎರಡೂ ತುದಿಯಿಂದ ಅಳೆದು ಸರಾಸರಿ ತೆಗೆಯಿರಿ. ಬೆಳಕಿನ 1310 ಮತ್ತು 1550 ನ್ಯಾನೊಮೀಟರ್ ತರಂಗಾಂತರ ಎರಡರಲ್ಲೂ ನೋಡಿ. ಒಂದೇ ಜಾಗದಲ್ಲಿ 1550ರಲ್ಲಿ ಮಾತ್ರ ಲಾಸ್ ಜಾಸ್ತಿ ಕಂಡರೆ ಜಾಯಿಂಟ್ ಸರಿಯಿದೆ, ಎಲ್ಲೋ ಎಳೆ ಬಾಗಿದೆ ಅಂತ ಅರ್ಥ. ಟ್ರೇ ಬಿಚ್ಚಿ ಸುತ್ತು ಸಡಿಲಿಸಿ. ಮನೆಯ ತುದಿಯಲ್ಲಿ ಪವರ್ ಮೀಟರ್ ಮೈನಸ್ 27 ಡಿಬಿಎಂ ಹತ್ತಿರ, ಅಂದರೆ ಬೆಳಕು ತೀರಾ ಕ್ಷೀಣ ಅಂತ, ತೋರಿಸಿದರೆ ಇಂದು ಇಂಟರ್ನೆಟ್ ಬಂದರೂ ನಾಳೆ ನಿಲ್ಲಬಹುದು, ಹಾಗೇ ಬಿಟ್ಟು ಹೋಗಬೇಡಿ.

ಕ್ಲೋಶರ್ ಮೇಲೆ ಮಳೆಗೆ ಅಳಿಸದ ಇಂಕಿನಲ್ಲಿ ತಾರೀಕು, ಯಾವ ಎಳೆ ಯಾವುದಕ್ಕೆ ಕೂಡಿದೆ ಅನ್ನುವುದನ್ನು ಬರೆಯಿರಿ. ಜಾಗದ ಲೊಕೇಶನ್ ಮೊಬೈಲ್‌ನಲ್ಲಿ ಗುರುತು ಹಾಕಿ, ಒಟಿಡಿಆರ್ ಗ್ರಾಫಿನ ಜೊತೆಗೆ ಆಫೀಸಿಗೆ ಕಳಿಸಿ. ಮುಂದಿನ ಸಲ ಕಡಿದಾಗ ಬರುವ ಹುಡುಗ ಇದನ್ನೇ ನೋಡಿ ಕೆಲಸ ಶುರು ಮಾಡುತ್ತಾನೆ.