ಕೆಟ್ಟ ರಾಟೆ ಯಾವುದು ಅಂತ ನೆಲದಲ್ಲಿ ನಿಂತೇ ಹಿಡಿದೆ: ಮೋಟಾರ್ ಟವರ್ ಜೊತೆ ನನ್ನ ಅನುಭವ

ನನ್ನದು ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊದ ಆಂಟೆನಾ ಎತ್ತುವ, ಒಂದರೊಳಗೊಂದು ಸೇರುವ ಮೂರು ಸೆಕ್ಷನ್‌ಗಳ ಟವರ್. ಪೂರ್ತಿ ಎದ್ದರೆ ಸುಮಾರು 16 ಮೀಟರ್. ಮೇಲೆ ಮೂರು ಎಲಿಮೆಂಟಿನ (ಮೂರು ಅಡ್ಡ ಕೊಳವೆಗಳ) ಬೀಮ್ ಆಂಟೆನಾ ಮತ್ತು ಅದನ್ನು ತಿರುಗಿಸುವ ರೋಟೇಟರ್. ಕೆಳಗೆ ಮೋಟಾರ್ ತಿರುಗಿಸುವ ವಿಂಚ್ ಇದೆ, ಅದು ಕೇಬಲ್ ಸುತ್ತಿಕೊಳ್ಳುವ ಡ್ರಮ್. ಆ ಕೆಳಗಿನ ಕೇಬಲ್ ಮೊದಲ ಸೆಕ್ಷನ್ ತಲೆಯ ರಾಟೆಯ ಮೇಲೆ ಹಾದು ಎರಡನೆಯದನ್ನು ಎತ್ತುತ್ತದೆ. ಎರಡನೆಯದರ ತಲೆಯ ರಾಟೆಯ ಮೇಲಿರುವ ಇನ್ನೊಂದು ಕೇಬಲ್ ಮೂರನೆಯದನ್ನು ಎತ್ತುತ್ತದೆ. ಹೆಚ್ಚುಕಡಿಮೆ ಎರಡು ವರ್ಷ ಇದು ಏಳುವಾಗ ನಡುಗುತ್ತಿತ್ತು. ಇಳಿಯುವಾಗ ಮಧ್ಯೆ ಎಲ್ಲೋ ನಿಂತು, ಆಮೇಲೆ ಧಡ್ ಅಂತ ಒಂದು ಗೇಣು ಕುಸಿಯುತ್ತಿತ್ತು. ಆ ಸದ್ದು ಕೇಳಿದವರಿಗೇ ಗೊತ್ತು. ವಿಂಚ್ ಕೇಬಲ್ ಬಿಡುತ್ತಲೇ ಇರುತ್ತದೆ, ಸೆಕ್ಷನ್ ಮಾತ್ರ ಸಿಕ್ಕಿಕೊಂಡಿರುತ್ತದೆ. ಸಿಕ್ಕಿದ್ದು ಬಿಟ್ಟ ತಕ್ಷಣ ಸಡಿಲವಾದ ಕೇಬಲ್ ಮೇಲೆ ಇಡೀ ಭಾರ ಒಂದೇ ಸಲ ಬೀಳುತ್ತದೆ. ಕೇಬಲ್ ಹರಿಯುವುದು ಹೀಗೇ.

ಮೊದಲು ದುಡ್ಡು ಕಳೆದ ಕಥೆ ಹೇಳಿಬಿಡುತ್ತೇನೆ. ನೋಡಿದವರೆಲ್ಲ ಮೋಟಾರಿಗೆ ಶಕ್ತಿ ಸಾಲದು ಅಂದರು. ಅರ್ಧ ಎಚ್‌ಪಿ ತೆಗೆದು ಮುಕ್ಕಾಲು ಎಚ್‌ಪಿ ಹಾಕಿದೆ. ನಡುಕ ಕಡಿಮೆ ಆಯಿತು, ನನಗೂ ಖುಷಿ ಆಯಿತು. ಅದೇ ನಾನು ಮಾಡಿದ ದೊಡ್ಡ ತಪ್ಪು. ತೊಂದರೆ ಹೋಗಿರಲಿಲ್ಲ, ದೊಡ್ಡ ಮೋಟಾರ್ ಅದನ್ನು ಮೀರಿ ಎಳೆಯುತ್ತಿತ್ತು ಅಷ್ಟೇ. ಮೋಟಾರಿಗೆ ಕೊಟ್ಟ ದುಡ್ಡಲ್ಲಿ ಕೇಬಲ್‌ಗಳನ್ನೆಲ್ಲ ಮೂರು ಸಲ ಬದಲಿಸಬಹುದಿತ್ತು.

ಆಮೇಲೆ ತುಕ್ಕಿನ ಮೇಲೆ ಅನುಮಾನ ಬಂತು. ಗ್ಯಾಲ್ವನೈಸ್ಡ್ (ಸತು ಲೇಪಿಸಿದ) ಕೇಬಲ್ ತೆಗೆದು ಸ್ಟೇನ್‌ಲೆಸ್ ಹಾಕಿಸಿದೆ. ಬೆಲೆ ಎರಡು ಪಟ್ಟಿಗೂ ಜಾಸ್ತಿ. ಒಂದು ವರ್ಷ ತುಂಬುವ ಮೊದಲೇ ಹತ್ತಿ ಬಟ್ಟೆ ಹಿಡಿದು ಎಳೆದಾಗ ನಾಲ್ಕೈದು ಕಡೆ ದಾರ ಸಿಕ್ಕಿಕೊಂಡಿತು. ಎಳೆಗಳು ಮುರಿಯೋಕೆ ಶುರುವಾಗಿದ್ದವು. ಸಣ್ಣ ರಾಟೆಯ ಮೇಲೆ ಮತ್ತೆ ಮತ್ತೆ ಬಾಗಿದರೆ ಸ್ಟೇನ್‌ಲೆಸ್ ಬೇಗ ದಣಿಯುತ್ತದೆ. ಈಗ ಮತ್ತೆ ಗ್ಯಾಲ್ವನೈಸ್ಡ್ 7×19ಕ್ಕೇ ಬಂದಿದ್ದೇನೆ, ಅಂದರೆ ಏಳು ಹುರಿ, ಒಂದೊಂದರಲ್ಲೂ 19 ಎಳೆ. ಕೆಳಗಿನದು 6 ಮಿಲಿಮೀಟರ್, ಮೇಲಿನದು 5.

ಗಟ್ಟಿ ಗ್ರೀಸ್ ಮೆತ್ತಿದ್ದೂ ಆಯಿತು. ಹೊರಗೆ ಮಿರಮಿರ ಅನ್ನುತ್ತಿತ್ತು, ಒಳಗೆ ನೀರು ಸಿಕ್ಕಿಕೊಂಡಿತ್ತು, ಮೇಲೆ ಧೂಳು ಅಂಟಿ ಅರದಂತೆ ಉಜ್ಜುತ್ತಿತ್ತು. ಬಿಚ್ಚಿ ನೋಡಿದಾಗ ನಡುವಿನ ಎಳೆ ಕೆಂಪಗಿತ್ತು. ಒಳಗೆ ಇಳಿಯುವಂಥ ತೆಳು ಎಣ್ಣೆಯೇ ಬೇಕು. ನಾನು ಯಾವುದಕ್ಕೆ ಏನು ಬೆರೆಸುತ್ತೇನೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಮಳೆಗಾಲ ದಾಟಲಿ.

ಇಷ್ಟೆಲ್ಲ ಆದ ಮೇಲೆ ಒಂದು ಯೋಚನೆ ಬಂತು. ರಾಟೆಯಲ್ಲಿ ಊನ ಇದ್ದರೆ ಅದು ಪ್ರತಿ ಸುತ್ತಿನಲ್ಲೂ ಒಂದು ಸಲ ಹಿಡಿಯಬೇಕು ಅಲ್ವಾ? ಹಾಗಾದರೆ ಎರಡು ಹಿಡಿತಗಳ ನಡುವೆ ಓಡುವ ಕೇಬಲ್ ಉದ್ದ ಆ ರಾಟೆಯ ಸುತ್ತಳತೆಗೆ ಸಮ. ನನ್ನ ಟವರಿನಲ್ಲಿ ಮೊದಲ ಸೆಕ್ಷನ್ ತಲೆಯ ರಾಟೆಯ ವ್ಯಾಸ 10 ಸೆಂಟಿಮೀಟರ್, ಕೇಬಲ್ ದಪ್ಪ ಸೇರಿಸಿದರೆ ಸುತ್ತಳತೆ 33. ಎರಡನೇ ಸೆಕ್ಷನ್ ತಲೆಯದು ಏಳೂವರೆ, ಅದರ ಸುತ್ತಳತೆ 25. ವಿಂಚ್ ಡ್ರಮ್ಮಿನದು 50ರ ಹತ್ತಿರ. ಮೂರೂ ಬೇರೆ ಬೇರೆ. ಎರಡನೇ ಸೆಕ್ಷನ್ ಎಷ್ಟು ಏಳುತ್ತದೋ ಕೆಳಗಿನ ಕೇಬಲ್ಲೂ, ಅದರ ತಲೆಯ ರಾಟೆಯ ಮೇಲಿನ ಕೇಬಲ್ಲೂ ಅಷ್ಟೇ ಓಡುತ್ತವೆ. ಹಾಗಾಗಿ ಕೆಳಗಿನ ಕೇಬಲ್ ಅಳೆದರೆ ಸಾಕು.

ಇದನ್ನು ಹೇಳಿದಾಗ ಹ್ಯಾಮ್ ಗೆಳೆಯರು ಒಪ್ಪಲಿಲ್ಲ. ಮಧ್ಯೆ ಗೇರ್‌ಬಾಕ್ಸ್ ಇದೆ, ಮೇಲಿನ ರಾಟೆಯ ಹಿಡಿತ ಮೋಟಾರಿನವರೆಗೆ ಬರುವುದೇ ಇಲ್ಲ ಅಂದರು. ಮೊದಲ ಸಲ ಅವರ ಮಾತೇ ನಿಜ ಆದಂತೆ ಕಂಡಿತು. ವೈರಿಗೆ ಕಚ್ಚಿಸಿ ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ಕೂತೆ, ಮುಳ್ಳು ಅಲುಗಿದ್ದೇ ಕಾಣಲಿಲ್ಲ. ಸಿಂಗಲ್ ಫೇಸ್ ಇಂಡಕ್ಷನ್ ಮೋಟಾರ್ ಖಾಲಿ ಓಡಿದರೂ ಸಾಕಷ್ಟು ಆಂಪಿಯರ್ ಎಳೆಯುತ್ತದೆ, ಭಾರ ಏರಿದರೂ ಅದು ಬದಲಾಗುವುದು ಸ್ವಲ್ಪವೇ. ಇದು ಹೊಳೆಯೋಕೆ ನನಗೆ ಒಂದು ತಿಂಗಳು ಬೇಕಾಯಿತು. ಆಂಪಿಯರ್ ಬಿಟ್ಟು, ಭಾರದ ಜೊತೆ ಏರುವ ವ್ಯಾಟ್ ನೋಡಿದೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ವ್ಯಾಟ್ ಮೀಟರ್. 350ರ ಸುತ್ತ ಇದ್ದದ್ದು ಥಟ್ ಅಂತ 420, ಮತ್ತೆ 350, ಮತ್ತೆ 420. ಆ ಸಂಜೆ ಟವರನ್ನು ಆರು ಸಲ ಎಬ್ಬಿಸಿ ಇಳಿಸಿದೆ.

ಉದ್ದ ಕೋಲಿನ ತುದಿಗೆ ಬಿಳಿ ಪೇಂಟ್ ಮಾರ್ಕರ್ ಕಟ್ಟಿದೆ. ವಿಂಚಿನ ಪಕ್ಕದ ಕಂಬಕ್ಕೆ ಒಂದು ಗುರುತು. ವ್ಯಾಟ್ ಹಾರಿದಾಗಲೆಲ್ಲ ಆ ಗುರುತಿನ ನೇರಕ್ಕೆ ಓಡುವ ಕೇಬಲ್ಲಿಗೆ ಮಾರ್ಕರ್ ತಾಗಿಸಿದೆ. ಕೈಯನ್ನು ಹತ್ತಿರ ಒಯ್ಯಬಾರದು, ಡ್ರಮ್ ಬೆರಳನ್ನು ಬಿಡುವುದಿಲ್ಲ. ಗಡಿಯಾರ ನೋಡಿ ಲೆಕ್ಕ ಹಾಕಿದರೂ ಆಗುವುದಿಲ್ಲ. ಡ್ರಮ್ ಮೇಲೆ ಪದರ ಏರಿದಂತೆ ಕೇಬಲ್ ವೇಗವೂ ಏರುತ್ತದೆ. ಉದ್ದವನ್ನೇ ಅಳೆಯಬೇಕು.

ಏಳೆಂಟು ಗುರುತು ಬಿದ್ದ ಮೇಲೆ ನಿಲ್ಲಿಸಿ, ಟವರ್ ಇಳಿಸಿ, ಕೇಬಲ್ಲಿನ ಗುರುತುಗಳ ನಡುವೆ ಟೇಪ್ ಹಿಡಿದೆ. 25, 24 ಮುಕ್ಕಾಲು, 25, 26, 25. ವಿಂಚಲ್ಲ, ಮೊದಲ ರಾಟೆಯೂ ಅಲ್ಲ. ಎಲ್ಲರೂ ಬೈದ ಮೋಟಾರಂತೂ ಅಲ್ಲವೇ ಅಲ್ಲ. ಎರಡನೇ ಸೆಕ್ಷನ್ ತಲೆಯ ರಾಟೆ.

ಟವರ್ ಮಲಗಿಸಿ ಬಿಚ್ಚಿದೆವು. ರಾಟೆಯ ನಡುವೆ ಅಚ್ಚಿನ ಸುತ್ತ ಕೂರುವ ಬಳೆ, ಅಂದರೆ ಬುಷ್, ಮೊಟ್ಟೆಯಾಕಾರಕ್ಕೆ ಸವೆದಿತ್ತು. ರಾಟೆಯ ಒಂದು ಅಂಚು ಬಾಗಿ ಪಕ್ಕದ ಪ್ಲೇಟಿಗೆ ಉಜ್ಜುತ್ತಿತ್ತು, ಒಂದು ಸುತ್ತಿನಲ್ಲಿ ಸರಿಯಾಗಿ ಒಂದೇ ಸಲ. ಪ್ಲೇಟಿನ ಮೇಲೆ ಹೊಳೆಯುವ ಗೆರೆ ಕಂಡಾಗ ಜೊತೆಗಿದ್ದ ಇಬ್ಬರಿಗೂ ಮಾತೇ ಬರಲಿಲ್ಲ. ಮಡಚಿದ ಕೇಬಲ್ ತುದಿಯನ್ನು ಬಿಗಿಯುವ ಒಂದು ಯೂ ಕ್ಲಿಪ್ ತಿರುಗುಮುರುಗಾಗಿರುವುದೂ ಆಗಲೇ ಕಂಡಿತು. ಕ್ಲಿಪ್ಪಿನ ತಡಿ (ಯೂ ಬೋಲ್ಟ್ ಕೂರುವ ಅಗಲ ತುಂಡು) ಭಾರ ಹೊರುವ ಕಡೆಗೆ ಇರಬೇಕು, ಅದು ಭಾರ ಇಲ್ಲದ ಮಡಚಿದ ತುದಿಯ ಕಡೆಗಿತ್ತು. ಇಷ್ಟು ದಿನ ಹೇಗೆ ಹಿಡಿದಿತ್ತೋ!

ಹೊಸ ರಾಟೆಯನ್ನು ಲೇತ್‌ನಲ್ಲಿ ಮಾಡಿಸಿದೆ, ಒಳಗೆ ಕಂಚಿನ ಬುಷ್. ಮೊದಲನೆಯದು ದಂಡ ಆಯಿತು. ಕೇಬಲ್ ಕೂರುವ ತೋಡನ್ನು ಸರಿಯಾಗಿ 5 ಮಿಲಿಮೀಟರಿಗೆ ಕೊರೆಸಿದ್ದೆ. ಹೊಸ ಕೇಬಲ್ ಅಳೆದರೆ 5.2. ತೋಡು ಅದನ್ನು ಕಚ್ಚಿ ಹಿಡಿಯುತ್ತಿತ್ತು. ಎರಡನೇ ಸಲ ಐದೂವರೆಗೆ ಕೊರೆಸಿದೆ, ಸರಿಹೋಯಿತು. ರಾಟೆಯನ್ನೇ 9 ಸೆಂಟಿಮೀಟರಿಗೆ ಏರಿಸುವ ಆಸೆ ಇತ್ತು, ಕೇಬಲ್ಲಿಗೆ ಬಾಳಿಕೆ ಬರುತ್ತಿತ್ತು. ಸೆಕ್ಷನ್‌ಗಳ ನಡುವೆ ಜಾಗ ಇಲ್ಲ. ಎರಡು ಲೇತ್ ಕೆಲಸ, ಬುಷ್, ಹೊಸ ಕೇಬಲ್ ಎಲ್ಲ ಸೇರಿದರೂ ಆ ಮೋಟಾರಿನ ಅರ್ಧ ಬೆಲೆ ಆಗಲಿಲ್ಲ.

ಮತ್ತೆ ಎಬ್ಬಿಸುವಾಗ ಇನ್ನೊಂದು ಎಡವಟ್ಟು. ಮಲಗಿಸಿದಾಗ ಕೇಬಲ್ ಸಡಿಲಾಗಿ ಮೊದಲ ರಾಟೆಯಿಂದ ಹೊರಗೆ ಹಾರಿ ಕೂತಿತ್ತು. ಪುಣ್ಯಕ್ಕೆ ವ್ಯಾಟ್ ಮೀಟರ್ ನೋಡುತ್ತಿದ್ದೆ, 500 ದಾಟಿದ ತಕ್ಷಣ ನಿಲ್ಲಿಸಿದೆ. ಈಗ ಮಲಗಿಸುವ ಮೊದಲು ಸೆಕ್ಷನ್‌ಗಳನ್ನು ರ‍್ಯಾಚೆಟ್ ಬೆಲ್ಟಿನಿಂದ ಬಿಗಿದು ಕೇಬಲ್ ಬಿಗಿಯಾಗಿಯೇ ಇರುವಂತೆ ನೋಡಿಕೊಳ್ಳುತ್ತೇನೆ.

ಜೊತೆಗೆ ಒಂದು ಸಣ್ಣ ಪ್ರಯೋಗ ಮಾಡಿದೆ. ಬೀಮ್ ತೆಗೆದು ಬರೀ ಟವರ್ ಎಬ್ಬಿಸಿ ನೋಡಿದೆ. ಮೂರನೇ ಸೆಕ್ಷನ್ ಎರಡನೆಯದರ ಎರಡು ಪಟ್ಟು ವೇಗದಲ್ಲಿ ಏಳುತ್ತದೆ, ಹಾಗಾಗಿ ವಿಂಚಿಗೆ ಅದರ ತೂಕವೂ ಎರಡು ಪಟ್ಟು. ಬೀಮ್, ರೋಟೇಟರ್ ಸೇರಿ 30 ಕೆಜಿ ಇದ್ದರೆ ವಿಂಚಿನ ಕೇಬಲ್ಲಿಗೆ 60. ನಾಲ್ಕು ಸೆಕ್ಷನ್ ಇದ್ದವರಿಗೆ ಮೂರು ಪಟ್ಟು. ದೊಡ್ಡ ಬೀಮ್ ಏರಿಸುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಕೊನೆಗೆ ಹಾಕಿದ್ದು ಸಡಿಲ ಹಿಡಿಯುವ ಸ್ವಿಚ್. ಸ್ಪ್ರಿಂಗ್ ಇರುವ ಒಂದು ತೋಳು, ತುದಿಯಲ್ಲಿ ರೋಲರ್, ಅದು ಕೇಬಲ್ಲಿಗೆ ಒರಗಿರುತ್ತದೆ. ಕೇಬಲ್ ಸಡಿಲಾದರೆ ತೋಳು ಬಿದ್ದು ಮೋಟಾರ್ ನಿಲ್ಲುತ್ತದೆ. ಸ್ಪ್ರಿಂಗ್ ಹೊಂದಿಸೋಕೆ ಮೂರು ಭಾನುವಾರ ಹೋಯಿತು. ಮೊದಲು ಗಾಳಿಗೇ ಬೀಳುತ್ತಿತ್ತು.

ಈ 14 ತಿಂಗಳಲ್ಲಿ ಸುಮಾರು 200 ಸಲ ಏರಿಳಿದಿದೆ. ಏಳುವಾಗ 280ರಿಂದ 300 ವ್ಯಾಟ್, ಅದೂ ಹಳೆಯ ಅರ್ಧ ಎಚ್‌ಪಿ ಮೋಟಾರನ್ನೇ ವಾಪಸ್ ಹಾಕಿದ ಮೇಲೆ. ಏನೇ ಆದರೂ ಕೇಬಲ್ ನಂಬಿ ಟವರ್ ಹತ್ತುವುದಿಲ್ಲ. ಪೂರ್ತಿ ಇಳಿದಿದ್ದರೂ ಸೆಕ್ಷನ್ ಅಡಿಗೆ ಅಡ್ಡ ಪೈಪ್ ತೂರಿಸಿದ ಮೇಲೆಯೇ ಏಣಿ ಇಡುತ್ತೇನೆ. ಹೋದ ವಾರ ಮತ್ತೆ ಮಾರ್ಕರ್ ಹಿಡಿದು ನಿಂತೆ. 33 ಸೆಂಟಿಮೀಟರಿಗೊಮ್ಮೆ ಏಳೆಂಟು ವ್ಯಾಟಿನ ಸಣ್ಣ ಏರಿಕೆ ಕಂಡಿತು. ಮೊದಲ ರಾಟೆಯ ಬುಷ್ ಈಗಲೇ ಮಾಡಿಸೋಕೆ ಕೊಟ್ಟಿದ್ದೇನೆ.