ಔಷಧಿ ಚೀಟಿಯಲ್ಲಿ ಆ್ಯಪ್ ಬರೆಯುವುದು: ನನ್ನ ಅನುಭವ

ಔಷಧಿಯಂತೆ ಚೀಟಿಯಲ್ಲಿ ಆರೋಗ್ಯದ ಆ್ಯಪ್ ಒಂದನ್ನು ಬರೆದುಕೊಟ್ಟರೆ ಎರಡನೇ ವಾರಕ್ಕೆಲ್ಲ ರೋಗಿ ಅದನ್ನು ಮರೆತಿರುತ್ತಾನೆ ಎಂದು ಜೊತೆಯ ವೈದ್ಯರು ಹೇಳುತ್ತಿದ್ದರು. ಆಗ ಅದು ನಿಜವೇ ಆಗಿತ್ತು. ಮೊದಲ ಸುತ್ತಿನಲ್ಲಿ ಸುಮಾರು 40 ಜನ ಬಿಪಿ ರೋಗಿಗಳಿಗೆ, ಮನೆಯಲ್ಲಿ ಬಿಪಿ ಅಳೆದು ಆ್ಯಪ್‌ನಲ್ಲಿ ತುಂಬಲು ಹೇಳಿದ್ದೆ. ತಿಂಗಳ ಕೊನೆಗೆ ಅಳತೆ ತುಂಬುತ್ತಿದ್ದವರು 7–8 ಜನ. ಈಗ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು ಹೇಳಿದಷ್ಟು ದಿನ ಪೂರ್ತಿ ತುಂಬಿಕೊಂಡು ಬರುತ್ತಾರೆ. ಆ್ಯಪ್ ಅದೇ, ಬರೆಯುವ ಕ್ರಮ ಬೇರೆ.

ಮೊದಲು ಬಾಯಲ್ಲಿ ಹೇಳಿ ಕಳಿಸುತ್ತಿದ್ದೆ. ಯಾವ ಮಾತ್ರೆಯನ್ನೂ ನಾವು ಹಾಗೆ ಕೊಡುವುದಿಲ್ಲ. ಈಗ ಔಷಧಿಯ ಸಾಲುಗಳ ಕೆಳಗೇ ಬರೆಯುತ್ತೇನೆ: ಆ್ಯಪ್ ಹೆಸರು, ತಯಾರಕರ ಹೆಸರು, ಏತಕ್ಕೆ, ದಿನಕ್ಕೆ ಎಷ್ಟು ಸಲ, ನಿಲ್ಲಿಸುವ ದಿನಾಂಕ. ತಯಾರಕರ ಹೆಸರು ಬಿಟ್ಟರೆ ಕೆಲಸ ಕೆಟ್ಟಿತು. ಹುಡುಕಿದಾಗ ಒಂದೇ ಹೆಸರಿನವು ನಾಲ್ಕೈದು ಸಿಗುತ್ತವೆ, ರೋಗಿ ಜಾಹೀರಾತು ತುಂಬಿದ್ದನ್ನೇ ಇಳಿಸಿಕೊಳ್ಳುತ್ತಾನೆ. ನಿಲ್ಲಿಸುವ ದಿನಾಂಕ ಇನ್ನೂ ಮುಖ್ಯ. ಜೀವನಪೂರ್ತಿ ಅಳೆಯಬೇಕು ಎಂದರೆ ಯಾರೂ ಶುರು ಮಾಡುವುದಿಲ್ಲ, 7 ದಿನ ಎಂದರೆ ಮಾಡುತ್ತಾರೆ.

ಬಿಪಿಗೆ ಬರೆಯುವುದು ಹೀಗೆ: 5 ನಿಮಿಷ ಸುಮ್ಮನೆ ಕುಳಿತ ಮೇಲೆ 2 ಸಲ, ನಡುವೆ 1 ನಿಮಿಷ, ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ರಾತ್ರಿ ಒಮ್ಮೆ, 7 ದಿನ. ಒಟ್ಟು 28 ಅಳತೆ. ಮೊದಲ ದಿನದ 4 ಬಿಟ್ಟು ಉಳಿದ 24ರ ಸರಾಸರಿ ನೋಡುತ್ತೇನೆ, 135/85 ಮುಟ್ಟಿದರೆ ಮನೆಯಲ್ಲೂ ಹೆಚ್ಚಿದೆ ಎಂದೇ ಲೆಕ್ಕ. ‘ಅಂಕಿಗಳ ರಾಶಿ ಯಾರು ನೋಡುತ್ತಾರೆ’ ಎನ್ನುವವರಿಗೆ ನನ್ನ ಉತ್ತರ ಇದು: ನಾನು ನೋಡುವುದು ಒಂದೇ ಸಂಖ್ಯೆ. ತೋಳಿನ ಸುತ್ತಳತೆಯನ್ನು ಕ್ಲಿನಿಕ್‌ನಲ್ಲೇ ಅಳೆದು ಚೀಟಿಯ ಮೂಲೆಯಲ್ಲಿ ಬರೆಯುತ್ತೇನೆ, ಯಾಕೆಂದರೆ ದಪ್ಪ ತೋಳಿಗೆ ಬಿಪಿ ಯಂತ್ರದ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಆ ತಪ್ಪನ್ನು ಯಾವ ಆ್ಯಪ್ ಕೂಡ ಹಿಡಿಯುವುದಿಲ್ಲ.

ಮೊದಲ ಡೋಸ್, ಎಂದರೆ ಆ್ಯಪ್ ಹಾಕಿ ಶುರುಮಾಡುವುದು, ನಮ್ಮೆದುರಿಗೇ ಆಗಬೇಕು. ಈ ಕೆಲಸ ನರ್ಸ್ ಮಾಡುತ್ತಾರೆ, 6–7 ನಿಮಿಷ ಹಿಡಿಯುತ್ತದೆ. ಫೋನಿನಲ್ಲಿ ಜಾಗ ಇರುವುದಿಲ್ಲ, ಪಾಸ್‌ವರ್ಡ್ ನೆನಪಿರುವುದಿಲ್ಲ, ಇದೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ. ನನಗೆ ತಿಳಿಯಲು ತಡವಾದದ್ದು ಬ್ಯಾಟರಿ ಉಳಿಸುವ ಸೆಟ್ಟಿಂಗ್. ಎಷ್ಟೋ ಆಂಡ್ರಾಯ್ಡ್ ಫೋನುಗಳು ಹಿನ್ನೆಲೆಯಲ್ಲಿರುವ ಆ್ಯಪ್ ಅನ್ನು ಮಲಗಿಸಿಬಿಡುತ್ತವೆ, ನೆನಪಿಸುವ ಗಂಟೆ ಬಾರಿಸುವುದೇ ಇಲ್ಲ. ರೋಗಿಗೆ ಶಿಸ್ತಿಲ್ಲ ಎಂದುಕೊಂಡಿದ್ದೆ, ತಪ್ಪು ಫೋನಿನದು. ನೋಟಿಫಿಕೇಶನ್‌ಗೆ ಅನುಮತಿ ಕೊಟ್ಟು, ಬ್ಯಾಟರಿ ನಿರ್ಬಂಧದಿಂದ ಆ ಆ್ಯಪ್ ಒಂದನ್ನು ಹೊರಗಿಟ್ಟು, 2 ನಿಮಿಷದ ನಂತರಕ್ಕೆ ಗಂಟೆ ಇಟ್ಟು, ಅದು ಬಾರಿಸಿದ ಮೇಲೇ ಮನೆಗೆ ಕಳಿಸುತ್ತೇವೆ. ನಡುವೆ ಬಿಟ್ಟುಹೋಗುವವರ ಸಂಖ್ಯೆ ಅರ್ಧಕ್ಕಿಳಿದದ್ದು ಇದೊಂದರಿಂದ. ಮೂರನೇ ದಿನ ನಮ್ಮಿಂದ ಒಂದು ಸಾಲಿನ ಸಂದೇಶವೂ ಹೋಗುತ್ತದೆ. ಆ ಸಾಲನ್ನು ಹದಕ್ಕೆ ತರಲು ಒಂದು ವರ್ಷ ಹಿಡಿಯಿತು; ಸದ್ಯಕ್ಕೆ ಅದು ನನ್ನ ಬಳಿಯೇ ಇರಲಿ.

ದುಡ್ಡಿನ ವಿಷಯ. ರೋಗಿಗಳ ಅಳತೆಗಳನ್ನೆಲ್ಲ ಒಂದೇ ಪರದೆಯಲ್ಲಿ ತೋರಿಸುವ, ವೈದ್ಯರಿಗೆಂದೇ ಮಾಡಿದ ಒಂದು ಡ್ಯಾಶ್‌ಬೋರ್ಡ್‌ಗೆ ಎರಡು ವರ್ಷದ ಚಂದಾ ಒಟ್ಟಿಗೆ ಕಟ್ಟಿದ್ದೆ. ದಿನಕ್ಕೆ ಹತ್ತಾರು ಎಚ್ಚರಿಕೆ ಬರುತ್ತಿದ್ದವು, ಅವುಗಳಲ್ಲಿ ಮುಕ್ಕಾಲು ಪಾಲು ತೋಳಿನ ಪಟ್ಟಿ ಸಡಿಲವಾಗಿದ್ದದ್ದರಿಂದ. ನಾಲ್ಕು ತಿಂಗಳಿಗೆ ನಿಲ್ಲಿಸಿದೆ, ಹಣ ವಾಪಸ್ ಬರಲಿಲ್ಲ. ಅದರ ಕಾಲು ಭಾಗದಲ್ಲಿ ನಿಖರತೆಯ ಪರೀಕ್ಷೆ ಮುಗಿಸಿದ ಆರು ಬಿಪಿ ಯಂತ್ರ ಕೊಂಡು ವಾರಕ್ಕೊಬ್ಬರಂತೆ ಎರವಲು ಕೊಡಲು ಶುರುಮಾಡಿದೆ. ನಾನು ಇದಕ್ಕೆಂದು ಮಾಡಿದ ಖರ್ಚಿನಲ್ಲಿ ಸಾರ್ಥಕವಾದದ್ದು ಅದೇ. ರೋಗಿಯ ಕಡೆ ನೋಡಬೇಕಾದದ್ದು, 7 ದಿನ ಉಚಿತ ಎಂದು ಕಾರ್ಡ್ ಕೇಳುವ ಆ್ಯಪ್‌ಗಳನ್ನು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಸ್ಟೋರ್‌ನ ಖಾತೆಗೆ ಹೋಗಿಯೇ ರದ್ದು ಮಾಡಬೇಕು. ಅಂಥವನ್ನು ನಾನು ಬರೆಯುವುದೇ ಇಲ್ಲ.

ಆರಿಸುವ ಮುಂಚೆ ಪ್ರತಿ ಆ್ಯಪ್‌ಗೂ ಒಂದು ಪರೀಕ್ಷೆ ಕೊಡುತ್ತೇನೆ. 120ರ ಸೊನ್ನೆ ಬಿಟ್ಟುಹೋದಂತೆ, ಮೇಲಿನ ಬಿಪಿ 12 ಎಂದು ತುಂಬುತ್ತೇನೆ. ಪ್ರಶ್ನೆ ಕೇಳದೆ ಒಪ್ಪಿಕೊಂಡರೆ ಅದು ಬೇಡ. ಆಮೇಲೆ ಅಪಾಯದ ಮಟ್ಟದ 220/130 ತುಂಬುತ್ತೇನೆ. ಒಂದು ಹಳದಿ ಚುಕ್ಕೆ ತೋರಿಸಿ ಸುಮ್ಮನಾದರೆ ಅದೂ ಬೇಡ. ಪೂರ್ತಿ ದಾಖಲೆ ಪಿಡಿಎಫ್ ಆಗಿ ಹೊರಗೆ ಬರಬೇಕು. ಕಂಪನಿ ಮುಚ್ಚಿದರೆ ಏನು ಗತಿ? ಪೇರ್ ಥೆರಪ್ಯೂಟಿಕ್ಸ್ ಕಂಪನಿಯ, ವ್ಯಸನದ ಚಿಕಿತ್ಸೆಗೆ ಮಾಡಿದ ರೀಸೆಟ್‌ಗೆ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಸಿಕ್ಕಿತ್ತು, ವೈದ್ಯರ ಚೀಟಿ ಇದ್ದರೆ ಮಾತ್ರ ಸಿಗುವ ಆ್ಯಪ್ ಅದು. 2023ರಲ್ಲಿ ಕಂಪನಿಯೇ ದಿವಾಳಿಯಾಯಿತು.

ಫೋನಿನ ಮೇಲೆ ಬೆರಳಿಟ್ಟರೆ ಬಿಪಿ ಹೇಳುವ ಆ್ಯಪ್‌ಗಳನ್ನು ನಂಬಬೇಡಿ. ಹಾಗೆ ಹೇಳಿಕೊಂಡು ಬಹಳ ಮಾರಾಟವಾದ ಒಂದನ್ನು 2016ರಲ್ಲಿ ಪರೀಕ್ಷಿಸಿದಾಗ, ಬಿಪಿ ಹೆಚ್ಚಿದ್ದ ಐವರಲ್ಲಿ ಸುಮಾರು ನಾಲ್ವರಿಗೆ ಸರಿಯಿದೆ ಎಂದಿತ್ತು. ಇನ್ಸುಲಿನ್ ಡೋಸ್ ಲೆಕ್ಕ ಹಾಕುವ 46 ಆ್ಯಪ್‌ಗಳನ್ನು ನೋಡಿದ 2015ರ ಅಧ್ಯಯನದಲ್ಲಿ ಮೂರನೇ ಎರಡು ಭಾಗ ತಪ್ಪು ಡೋಸ್ ಹೇಳುವ ಅಪಾಯದಲ್ಲಿದ್ದವು. ವೈದ್ಯರ ಹಿಂಜರಿಕೆಗೆ ಬುಡವಿದೆ, ಅದನ್ನು ಹಳೇ ತಲೆಯ ಹಟ ಎಂದು ತಳ್ಳಿಹಾಕಬಾರದು. ಜರ್ಮನಿಯಲ್ಲಿ ವೈದ್ಯರು ಆ್ಯಪ್ ಬರೆದುಕೊಡಬಹುದೆಂಬ ಕಾನೂನು 2019ರ ಕೊನೆಗೆ ಬಂತು, 2020ರಿಂದ ಸರ್ಕಾರಿ ಸಂಸ್ಥೆಯೇ ಪರಿಶೀಲಿಸಿದ ಆ್ಯಪ್‌ಗಳ ಪಟ್ಟಿ ಇದೆ, ವಿಮೆ ದುಡ್ಡು ಕೊಡುತ್ತದೆ. ಆದರೂ ಅಲ್ಲಿನ ಬಹಳ ವೈದ್ಯರು ಕೂಡಲೇ ಕೈಹಾಕಲಿಲ್ಲ. ಪಟ್ಟಿ ಇದ್ದ ಮಾತ್ರಕ್ಕೆ ‘ಏನಾದರೂ ಆದರೆ ಹೊಣೆ ಯಾರದು’ ಎಂಬ ಅಳುಕು ಹೋಗುವುದಿಲ್ಲ. ನಾನು ಕೇಸ್ ಶೀಟ್‌ನಲ್ಲಿ ಒಂದು ಸಾಲು ಬರೆದು ರೋಗಿಗೂ ಓದಿ ಹೇಳುತ್ತೇನೆ: ಈ ಅಂಕಿಗಳನ್ನು ಇಂಥ ದಿನದ ಭೇಟಿಯಲ್ಲಿ ಮಾತ್ರ ನೋಡಲಾಗುವುದು, ಎದೆನೋವು ಅಥವಾ ಉಸಿರಾಟದ ತೊಂದರೆ ಬಂದರೆ ಆ್ಯಪ್‌ಗಾಗಿ ಕಾಯಬಾರದು.

ಪಕ್ಕದಲ್ಲಿ ಒಂದೆರಡು ಪ್ರಯೋಗ ನಡೆದವು. ನಿದ್ರೆ ಬಾರದವರಿಗೆ ಕೈಗಡಿಯಾರದ ನಿದ್ರೆ ಅಂಕ ನೋಡಲು ಹೇಳಿದೆ, ಅಂಕ ಕಡಿಮೆ ಬಂತೆಂಬ ಚಿಂತೆಯಲ್ಲೇ ಇಬ್ಬರು ಮೂವರ ನಿದ್ರೆ ಮತ್ತಷ್ಟು ಕೆಟ್ಟಿತು. ಈಗ ಗಡಿಯಾರ ತೆಗೆಸಿ, ಮಲಗಿದ ಮತ್ತು ಎದ್ದ ಹೊತ್ತನ್ನಷ್ಟೇ ಬರೆಸುತ್ತೇನೆ. ಖಿನ್ನತೆಯ ಮಟ್ಟ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ತುಂಬಿಸುವ ಆ್ಯಪ್ ಕೊಡುವುದನ್ನು ನಿಲ್ಲಿಸಿದೆ. ಸಾವಿನ ಯೋಚನೆ ಬಗ್ಗೆ ಕೇಳುವ 9ನೇ ಪ್ರಶ್ನೆಗೆ ನಡುರಾತ್ರಿ ‘ಹೆಚ್ಚುಕಡಿಮೆ ಪ್ರತಿದಿನ’ ಎಂದು ಒತ್ತಿದರೆ ಆ ಕಡೆ ನೋಡುವವರು ಯಾರೂ ಇಲ್ಲ.

ಕಾಗದದ ಜೊತೆಗೂ ಹೋಲಿಸಿದೆ. ವಯಸ್ಸಾದವರು ಪುಸ್ತಕದಲ್ಲಿ ಆ್ಯಪ್‌ಗಿಂತ ಶ್ರದ್ಧೆಯಿಂದ ಬರೆಯುತ್ತಾರೆ, ಆದರೆ 140, 130 ಎಂದು ಸೊನ್ನೆಗೆ ಸರಿಮಾಡಿಬಿಡುತ್ತಾರೆ. ಯಂತ್ರದ ಅಂಕಿ ಬ್ಲೂಟೂತ್‌ನಿಂದ ನೇರ ಆ್ಯಪ್‌ಗೆ ಬಂದರೆ ಆ ತೊಂದರೆ ಇಲ್ಲ. ಹಾಗಾಗಿ ಅವರಿಗೆ ಪುಸ್ತಕವನ್ನೇ ಕೊಟ್ಟು, ಯಂತ್ರದ ಮೆಮೊರಿಯನ್ನು ಭೇಟಿಯ ದಿನ ನರ್ಸ್ ಓದಿಕೊಳ್ಳುತ್ತಾರೆ.

ಇನ್ನೂ ಹದಕ್ಕೆ ಬಾರದಿರುವುದು ಸಕ್ಕರೆ ಕಾಯಿಲೆಯ ಕಡೆ. ಮೀಟರ್ ಒಂದು ಏಕಮಾನದಲ್ಲಿ, ಆ್ಯಪ್ ಇನ್ನೊಂದರಲ್ಲಿ ಇದ್ದರೆ 18 ಪಟ್ಟು ವ್ಯತ್ಯಾಸ: ಲೀಟರಿಗೆ 7 ಮಿಲಿಮೋಲ್ ಎಂದರೆ ಡೆಸಿಲೀಟರಿಗೆ 126 ಮಿಲಿಗ್ರಾಂ. ಮೊದಲ ಅಳತೆ ನಮ್ಮೆದುರೇ ತುಂಬಿಸಿ ಎರಡೂ ಪರದೆ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇವೆ. ಫೋನು ಬದಲಾಯಿಸಿದಾಗ ಸೆಟ್ಟಿಂಗ್ ಮತ್ತೆ ಮೊದಲಿನಂತಾಗುತ್ತದೆ. ಅದಕ್ಕೆ ಪ್ರತಿ ಭೇಟಿಯಲ್ಲೂ ಹೊಸ ಫೋನಾ ಎಂದು ಕೇಳುವುದನ್ನು ಈಗಷ್ಟೇ ಶುರುಮಾಡಿದ್ದೇವೆ.